ಹಾಲುರಾಮೇಶ್ವರದ ಹಿನ್ನೀರು: ಒಂದು ಬೋರೆ, ಎರಡು ನಾಯಿ

ವಾಣಿವಿಲಾಸ ಸಾಗರ ತುಂಬಿದ ವರ್ಷ ಹೊಸದುರ್ಗ ಸೀಮೆಯ ಕೆಲವು ಬೋರೆಗಳು ನಡುಗಡ್ಡೆಗಳಾಗುತ್ತವೆ. ನೀರು ಇಳಿದ ವರ್ಷ ಅವೇ ಮತ್ತೆ ಕುರಿ ಮೇಯುವ ದಿಬ್ಬಗಳು. ಹಾಲುರಾಮೇಶ್ವರಕ್ಕೆ ಬರುವ ಭಕ್ತರು ಗಂಗಾಕೊಳದ ಮುಂದೆ ಕೂತು, ಪೂಜೆ ಮುಗಿಸಿ, ಮರದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡು, ಬಂದ ದಾರಿಯಲ್ಲೇ ಹೊಸದುರ್ಗಕ್ಕೆ ಮರಳುತ್ತಾರೆ. ಹಿನ್ನೀರಿನ ಕಡೆಗೆ ಹೆಜ್ಜೆ ಹಾಕುವವರು ಕಡಿಮೆ. ಈ ಊರಿನ ಚರಿತ್ರೆ ಬರೆಯುವುದಾದರೆ ಕೊಳ ಮತ್ತು ಹಿನ್ನೀರು ಎರಡನ್ನೂ ಸೇರಿಸಿಯೇ ಬರೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಒಂದು ನೀರು ಜನರಿಗೆ ಕೊಟ್ಟಿದೆ, ಇನ್ನೊಂದು ಜನರಿಂದ ಪಡೆದಿದೆ.

ಮೊದಲು ಕೊಳದ ಮಾತು. ಹೊಸದುರ್ಗದಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಈ ಕ್ಷೇತ್ರದ ಹೆಸರು ಹೊರಜಿಲ್ಲೆಗಳಿಗೂ ಹಬ್ಬಿರುವುದು ಇಲ್ಲಿನ ಗಂಗಾಪೂಜೆಯಿಂದ. ಮದುವೆ ಕೂಡಿಬರದವರು, ಮಕ್ಕಳಾಗದವರು, ಮನೆಯಲ್ಲಿ ಕಷ್ಟ ಕಂಡವರು ಬಂದು ಕೊಳದ ಅಂಚಿನಲ್ಲಿ ಕೂರುತ್ತಾರೆ. ಅರ್ಚಕರು ಗಂಗೆಯನ್ನು ಬೇಡುತ್ತಾರೆ. ನೀರಿನೊಳಗಿಂದ ಎಲೆ, ಅಡಿಕೆ, ಹೂವು, ಹಣ್ಣು ಮೇಲಕ್ಕೆ ತೇಲಿ ಬಂದರೆ ಅದು ಗಂಗಮ್ಮನ ಪ್ರಸಾದ. ಏನು ಬಂತು, ಎಷ್ಟು ಹೊತ್ತಿಗೆ ಬಂತು ಎಂಬುದರ ಮೇಲೆ ಬೇಡಿಕೊಂಡವರು ತಮ್ಮ ಫಲ ತಿಳಿದುಕೊಳ್ಳುತ್ತಾರೆ. ನಾನು ನೋಡುತ್ತಿದ್ದಾಗ ಮಡಿಲಲ್ಲಿ ಸೆರಗು ಒಡ್ಡಿ ಕೂತಿದ್ದ ಹೆಂಗಸೊಬ್ಬಳ ಕಣ್ಣು ನೀರಿನ ಮೇಲಿಂದ ಒಂದು ಗಳಿಗೆಯೂ ಕದಲಲಿಲ್ಲ. ಅರಿಶಿನ ಕದಡಿದ ನೀರು, ಅಂಚಿನ ಕಲ್ಲಿಗೆ ಅಂಟಿದ ಕುಂಕುಮ, ಸುತ್ತ ಉಸಿರು ಬಿಗಿಹಿಡಿದ ಮನೆಮಂದಿ. ಕಡೆಗೆ ಒಂದು ವೀಳ್ಯದೆಲೆ ಮೇಲೆ ಬಂದಾಗ ಅವಳ ತಾಯಿ ‘ಕೊಟ್ಲು ಕಣವ್ವ, ಕೊಟ್ಲು’ ಎಂದು ಮಗಳ ಬೆನ್ನು ತಟ್ಟಿದರು. ನಂಬಿಕೆಯ ಈ ಮುಖವನ್ನು ಹತ್ತಿರದಿಂದ ಕಂಡವರು ಅದನ್ನು ಹಗುರವಾಗಿ ಆಡಲಾರರು.

ಜೊತೆಗಿದ್ದ ನನ್ನ ಎರಡು ನಾಯಿಗಳನ್ನು ಕೊಳದ ಬಳಿಗೆ ಒಯ್ಯಲಿಲ್ಲ. ಹೊರಗೆ ಹಣ್ಣುಕಾಯಿ ಅಂಗಡಿ ಇಟ್ಟುಕೊಂಡಿದ್ದ ಅಮ್ಮ, ‘ಅವನ್ನ ಇಲ್ಲೇ ಕಟ್ಟಣ್ಣ, ನಾ ನೋಡ್ಕಂತೀನಿ. ನೀನು ಪೂಜೆ ಮುಗಿಸ್ಕಂಡು ಬಾ’ ಎಂದರು. ಕೆಂಚ ಮತ್ತು ಪುಟ್ಟಿ ಎರಡೂ ನಾಡತಳಿ. ಕೆಂಚನಿಗೆ ವಯಸ್ಸಾಗಿದೆ, ಪುಟ್ಟಿಗೆ ಇನ್ನೂ ಕಾಲು ನಿಲ್ಲದ ಪ್ರಾಯ. ಬರದ ವರ್ಷಗಳಲ್ಲಿ ಕೆಂಚ ಮರಿಯಾಗಿದ್ದಾಗ ಅವನ ಜೊತೆ ಹಿನ್ನೀರಿನ ಕಡೆಯ ಒಂದು ಬೋರೆಗೆ ನಡೆದು ಹೋಗಿದ್ದೆ. ಆಗ ಅದು ನೀರಿನಿಂದ ಬಹಳ ದೂರ, ಒಣಗಿ ಬಿರಿದ ನೆಲದ ನಡುವೆ ಜಾಲಿಯ ನೆರಳಿದ್ದ ಒಂದು ದಿಬ್ಬ, ಅಷ್ಟೇ. 2022ರಲ್ಲಿ ಅದೇ ದಿಬ್ಬ ನಾಲ್ಕು ಕಡೆಯೂ ನೀರು ತುಂಬಿಕೊಂಡು ನಿಂತದ್ದನ್ನು ದಂಡೆಯ ಮೇಲಿಂದ ನೋಡಿ ಬೆರಗಾಗಿದ್ದೆ. 2024ರ ಬೇಸಿಗೆಯಲ್ಲಿ ನೀರು ಸ್ವಲ್ಪ ಹಿಂದೆ ಸರಿದಾಗ, ದಂಡೆಗೂ ದಿಬ್ಬಕ್ಕೂ ನಡುವೆ ಕಿರಿದಾದ ನೆಲ ಎದ್ದಿದೆ ಎಂಬ ಸುದ್ದಿ ಬಂತು. ಬೆಳಿಗ್ಗೆಯೇ ಹೊರಟೆವು.

ದಾರಿ ನಡೆಯುವಷ್ಟರಲ್ಲಿ ಅಣೆಕಟ್ಟಿನ ಕಥೆ ಹೇಳಿಬಿಡಬೇಕು, ಇಲ್ಲವಾದರೆ ದಿಬ್ಬದ ಕಥೆ ತಿಳಿಯುವುದಿಲ್ಲ. ಚಂದ್ರದ್ರೋಣ (ಬಾಬಾಬುಡನ್‌ಗಿರಿ) ಬೆಟ್ಟಗಳಲ್ಲಿ ಹುಟ್ಟುವ ವೇದಾ ಮತ್ತು ಅವತಿ ಹೊಳೆಗಳು ಕೂಡಿ ವೇದಾವತಿಯಾಗಿ ಕಡೂರು ಸೀಮೆ ದಾಟಿ ಹೊಸದುರ್ಗಕ್ಕೆ ಬರುತ್ತವೆ. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ನದಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳುತ್ತದೆ. ಅಲ್ಲಿಯೇ ಮೈಸೂರು ಸಂಸ್ಥಾನ 1898ರಲ್ಲಿ ಕಲ್ಲುಕಟ್ಟಡದ ಅಣೆ ಎಬ್ಬಿಸಲು ತೊಡಗಿತು. ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್, ರಾಜಪ್ರತಿನಿಧಿಯಾಗಿದ್ದವರು ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. 1907ಕ್ಕೆ ಕೆಲಸ ಮುಗಿಯಿತು, ಜಲಾಶಯಕ್ಕೆ ಮಹಾರಾಣಿಯವರ ಹೆಸರು ಬಂತು. ಉದ್ದ ಸುಮಾರು 1330 ಅಡಿ, ನೀರು ನಿಲ್ಲುವ ಎತ್ತರ 130 ಅಡಿ, ಸಂಗ್ರಹ 30 ಟಿಎಂಸಿ. ಕೃಷ್ಣರಾಜಸಾಗರಕ್ಕಿಂತ, ಅಂದರೆ ಕನ್ನಂಬಾಡಿಗಿಂತ, ಹಿರಿಯ ಅಣೆ ಇದು. ಕನ್ನಂಬಾಡಿಯ ಬಗ್ಗೆ ಪುಸ್ತಕ ಬಂದಷ್ಟು ಮಾರಿಕಣಿವೆಯ ಬಗ್ಗೆ ಬರಲಿಲ್ಲ ಎಂಬ ನೋವು ನಮ್ಮ ಕಡೆಯವರಿಗೆ ಇದ್ದೇ ಇದೆ.

ಮಳೆನೆರಳಿನ ನಾಡಿನಲ್ಲಿ ಅಷ್ಟು ದೊಡ್ಡ ಪಾತ್ರೆ ತುಂಬುವುದು ಸುಲಭವಲ್ಲ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ಆಮೇಲೆ 89 ವರ್ಷ ಬೀಳಲಿಲ್ಲ. ಎರಡು ಮೂರು ತಲೆಮಾರಿನ ಜನ ಕೋಡಿ ಬಿದ್ದ ಕಥೆಯನ್ನು ಅಜ್ಜಂದಿರ ಬಾಯಲ್ಲಿ ಕೇಳಿ ಬೆಳೆದರು. 2022ರ ಸೆಪ್ಟೆಂಬರಿನಲ್ಲಿ ನೀರು ಕೋಡಿ ಹಾಯ್ದಾಗ ಹಿರಿಯೂರಿನ ರಸ್ತೆಗಳಲ್ಲಿ ಜಾತ್ರೆಯಂತೆ ಜನ ಸೇರಿದರು. ಇಷ್ಟರಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅಜ್ಜಂಪುರದ ಸುರಂಗ ದಾಟಿ ವೇದಾವತಿಯ ದಾರಿ ಹಿಡಿದಿತ್ತು. ಅಂದರೆ ಈ ಹಿನ್ನೀರಿನಲ್ಲಿ ಈಗ ನಿಂತಿರುವುದು ಬಾಬಾಬುಡನ್‌ಗಿರಿಯ ಮಳೆಯಷ್ಟೇ ಅಲ್ಲದೆ ಭದ್ರೆಯ ಪಾಲೂ ಹೌದು. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿತ್ತು.

ಕಾಲುವೆಗಳು ಹರಿಯುವುದು ಹಿರಿಯೂರಿನ ಕಡೆಗೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರಿನ ನಲ್ಲಿಗಳಿಗೂ ಇಲ್ಲಿಂದಲೇ ನೀರು. ಹಿನ್ನೀರು ಚಾಚುವುದು ಮಾತ್ರ ಹೊಸದುರ್ಗದ ಕಡೆಗೆ. ದಶಕಗಟ್ಟಲೆ ನೀರು ಮೇಲೆ ಬರದಿದ್ದಾಗ ರೈತರು ಒಣಗಿದ ಅಂಚಿನಲ್ಲಿ ಬಿತ್ತಿದರು, ಕೊಳವೆಬಾವಿ ಕೊರೆಸಿದರು, ತೆಂಗು ಅಡಿಕೆ ಇಟ್ಟರು. ಜಲಾಶಯ ತುಂಬಿದಾಗ ಆ ತೋಟಗಳು ನೀರಿನೊಳಗೆ ನಿಂತವು. ಕೋಡಿಯ ಎತ್ತರ ಇಳಿಸಬೇಕೆಂದು ಹೊಸದುರ್ಗದವರು, ಒಂದು ಅಡಿಯೂ ಇಳಿಸಕೂಡದೆಂದು ಹಿರಿಯೂರಿನವರು ದನಿಯೆತ್ತಿದರು. ಎರಡೂ ಕಡೆ ನ್ಯಾಯವಿದೆ. ಬರ ಉಂಡ ನಾಡಿನಲ್ಲಿ ಒಂದು ಅಡಿ ನೀರೆಂದರೆ ಎಷ್ಟು ಊರುಗಳ ಬಾಯಾರಿಕೆ ಎಂದು ಹಿರಿಯೂರಿನವರಿಗೆ ಗೊತ್ತು. ಬೆಳೆದು ನಿಂತ ತೆಂಗಿನ ಬುಡದಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ಏನಾಗುತ್ತದೆ ಎಂದು ಹೊಸದುರ್ಗದವರಿಗೆ ಗೊತ್ತು.

ಹಿನ್ನೀರಿನ ದಂಡೆಗೆ ಬಂದಾಗ ಬಿಸಿಲು ಏರಿತ್ತು. ಬಂದರಿ, ಕಾರೆ, ತುಗ್ಗಲಿ ಬೆಳೆದ ಕುರುಚಲು ದಾಟಿದರೆ ಮುಂದೆ ಬಟ್ಟಬಯಲು. ಅಂಚಿನಲ್ಲಿ ಮೆತ್ತನೆಯ ಹೂಳು. ಅದರ ಮೇಲೆ ದನದ ಗೊರಸು, ಕೊಕ್ಕರೆಯ ಬೆರಳ ಗುರುತು, ಈಗ ನಮ್ಮ ಹೆಜ್ಜೆ. ನಾಯಿ ಜೊತೆಗಿದ್ದರೆ ನಡಿಗೆಯ ಗತಿಯೇ ಬೇರೆ. ಮನುಷ್ಯ ದೂರದ ನೋಟಕ್ಕೆ ಕಣ್ಣು ನೆಡುತ್ತಾನೆ, ನಾಯಿ ನೆಲವನ್ನು ಓದುತ್ತದೆ. ಅದು ನಿಂತಲ್ಲಿ ನಾವೂ ನಿಲ್ಲಬೇಕು, ಅದು ನೋಡಿದ್ದನ್ನು ನಾವೂ ಬಗ್ಗಿ ನೋಡಬೇಕು. ಒಂದು ಎಚ್ಚರ ಮಾತ್ರ ಬೇಕೇಬೇಕು. ಬೇಸಿಗೆಯಲ್ಲಿ ಟಿಟ್ಟಿಭಗಳು ಇಂಥ ಬಯಲು ನೆಲದಲ್ಲೇ ಬೆಣಚುಕಲ್ಲುಗಳ ನಡುವೆ ಮೊಟ್ಟೆ ಇಡುತ್ತವೆ. ಕಲ್ಲಿಗೂ ಮೊಟ್ಟೆಗೂ ವ್ಯತ್ಯಾಸ ತಿಳಿಯುವುದಿಲ್ಲ. ತಲೆಯ ಮೇಲೆ ಒಂದು ಜೋಡಿ ಹಾರಾಡಿ ಕಿರುಚಲು ತೊಡಗಿದ್ದೇ ಪುಟ್ಟಿಯ ಹಗ್ಗ ಮೊಟಕು ಮಾಡಿ, ಸುತ್ತು ಬಳಸಿ ನಡೆದೆವು.

ಎದ್ದಿದ್ದ ನೆಲದ ನಡುವೆ ಮೊಣಕಾಲುದ್ದ ನೀರು ಇನ್ನೂ ಇತ್ತು. ಕೆಂಚ ಒಂದು ಸಲ ಮೂಸಿ ಸೀದಾ ಇಳಿದ. ಪುಟ್ಟಿ ದಂಡೆಯಲ್ಲೇ ಕುಂಯ್‌ಗುಟ್ಟಿತು, ಆಮೇಲೆ ಎತ್ತಿಕೊಂಡು ದಾಟಬೇಕಾಯಿತು.

ದಿಬ್ಬ ದೊಡ್ಡದೇನಲ್ಲ. ಮೇಲೆ ಹತ್ತಿದರೆ ಸುತ್ತಲೂ ನೀರಿನ ಹಾಸು, ಅದರಾಚೆ ಬೆಟ್ಟದ ಸಾಲು, ಬೆಟ್ಟದ ನೆತ್ತಿಯಲ್ಲಿ ಗಾಳಿಯಂತ್ರಗಳ ಬಿಳಿ ರೆಕ್ಕೆ. ನೀರಿನೊಳಗೆ ಅರ್ಧ ಮುಳುಗಿ ಸತ್ತ ಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ನಮ್ಮ ಚಿತ್ರದುರ್ಗ ಜಿಲ್ಲೆಯೆಂದರೆ ಕಲ್ಲು, ಕೋಟೆ, ಬಿಸಿಲು ಎಂದುಕೊಂಡವರಿಗೆ ಈ ನೋಟ ತೋರಿಸಬೇಕು.

ಕೆಂಚ ಇಳಿಜಾರಿನಲ್ಲಿ ಒಂದು ಕಡೆ ನಿಂತು ಕಾಲಿನಿಂದ ಕೆರೆಯತೊಡಗಿದ. ಹೋಗಿ ನೋಡಿದರೆ ಹೂಳಿನಲ್ಲಿ ಅರ್ಧ ಹೂತ ಕಲ್ಲು, ನಡುವೆ ಗುಂಡಗೆ ನುಣುಪಾದ ಕುಳಿ. ಒರಳು. ಕೈಯಿಂದ ಕೆಸರು ಬಳಿದೆ. ಕುಳಿಯ ಒಂದು ಪಕ್ಕ ಇನ್ನೊಂದಕ್ಕಿಂತ ಹೆಚ್ಚು ಸವೆದಿತ್ತು. ಯಾವಳೋ ತಾಯಿ ದಿನವೂ ಒಂದೇ ಕಡೆ ನಿಂತು ಒನಕೆ ಹಾಕಿದ ಗುರುತು ಅದು. ಈ ಸೀಮೆಯ ಸಾವೆ, ನವಣೆ ಅದರಲ್ಲಿ ಎಷ್ಟು ಕಾಲ ಕುಟ್ಟಿಸಿಕೊಂಡವೋ. ನೂರು ವರ್ಷದ ಕೆಳಗೆ ಗಾಡಿಯ ಮೇಲೆ ಸಾಮಾನು ಹೇರುವಾಗ ಒರಳು ಭಾರವೆಂದು ಬಿಟ್ಟುಹೋದರು ಎಂದೇ ನನ್ನ ಊಹೆ. ಕೊಳದಲ್ಲಿ ಎಲೆ ಅಡಿಕೆ ಮೇಲೆ ಬರುವುದನ್ನು ಕಾದು ನೋಡುವ ಊರು ಇದು. ಹಿನ್ನೀರಿನಿಂದ ಮೇಲೆ ಬರುವುದನ್ನೂ ಹಾಗೆಯೇ ಕಾದು ನೋಡುವವರು ಬೇಕಿತ್ತು.

ಅಷ್ಟರಲ್ಲಿ ಕುರಿಗಳ ಹಿಂಡು ದಾಟಿಕೊಂಡು ಬಂತು, ಹಿಂದೆ ಕಂಬಳಿ ಹೊದ್ದ ಅಜ್ಜ, ಅವರ ಹಿಂದೆ ಮೈಮೇಲೆ ಗಾಯದ ಕಲೆಯಿದ್ದ ಒಂದು ಎತ್ತರದ ನಾಯಿ. ಮೂರೂ ನಾಯಿಗಳು ಒಂದನ್ನೊಂದು ಸುತ್ತಿ ಮೂಸಿ ರಾಜಿಯಾದವು. ‘ಎತ್ಲಾಗೆ ಹೊಂಟಿದ್ಯಪ್ಪ, ನಾಯಿ ಕಟ್ಕಂಡು?’ ಎಂದರು ಅಜ್ಜ. ನೋಡಲು ಬಂದೆ ಎಂದೆ. ‘ನೋಡೋಕೇನೈತೆ ಇಲ್ಲಿ, ಹುಲ್ಲೈತೆ’ ಎಂದು ಕೂತರು. ಒರಳು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮಪ್ಪನ ತಾತನ ಕಾಲ್ದಾಗೆ ಹೊಲ ಇದ್ವಂತೆ ಈ ಕಡೆ. ಹಳ್ಳದ ದಂಡೆ, ಎರೆ ನೆಲ. ಬಾವಿನೂ ಇತ್ತಂತೆ. ಊರ ಹೆಸರು ಹೇಳ್ತಿದ್ರು, ಈಗ ಬಾಯಿಗೆ ಬರವಲ್ದು’ ಎಂದರು.

ಹೊಸದುರ್ಗ, ಹಿರಿಯೂರು, ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ, ಕುರುಬರ ರೊಪ್ಪಗಳಲ್ಲಿ ನಾಯಿ ಮನೆಯ ಆಳಿನಷ್ಟೇ ಮುಖ್ಯ. ರಾತ್ರಿ ತೋಳ, ಚಿರತೆ ರೊಪ್ಪದ ಬೇಲಿಗೆ ಬಂದರೆ ಮೊದಲು ಎದುರಾಗುವುದು ಅದೇ. ಅಜ್ಜನ ನಾಯಿಯ ಮೈಮೇಲಿನ ಕಲೆಯೂ ಅಂಥ ಕಾದಾಟದ್ದೇ. ತಮ್ಮ ವೀರ ಜುಂಜಪ್ಪನ ಕಥೆಯನ್ನು ಗಣೆ ಎಂಬ ಕೊಳಲು ಊದಿ ಹಾಡುವ ಕಾಡುಗೊಲ್ಲರು ಪಶುವನ್ನು ಕಾಯುವುದೇ ವೀರರ ಕೆಲಸ ಎಂದು ನಂಬಿದವರು. ಮೈಲಾರನ ಗೊರವರು ನಾಯಿಯಂತೆ ಬೊಗಳಿ, ದೋಣಿಯಲ್ಲಿ ಹಾಕಿದ ಎಡೆಗೆ ಬಾಯಿ ಹಾಕುವ ಆಚರಣೆಯೂ ಈ ಕಡೆಯ ಜಾತ್ರೆಗಳಲ್ಲಿ ಕಾಣುತ್ತದೆ.

ನಾಯಿಗೆ ಗೌರವ ಕೊಡುವುದು ಕನ್ನಡನಾಡಿಗೆ ಹೊಸದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಹತ್ತನೇ ಶತಮಾನದ ನಡುವಿನದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗ ಏನು ಬೇಕು ಕೇಳು ಎಂದಾಗ, ಅವನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿತು, ಎರಡೂ ಸತ್ತವು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಮಾಡದೆ ಪೂಜಾರಿಯಾದ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ಎಂದು ಶಾಸನವೇ ಹೇಳುತ್ತದೆ. ಹಂದಿಯನ್ನೂ ನಾಯಿಯನ್ನೂ ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸತ್ತ ಒಂದು ನಾಯಿಯ ಹೆಸರನ್ನು ಸಾವಿರ ವರ್ಷ ದಾಟಿಸಿದ ನಾಡು ನಮ್ಮದು.

ಇದನ್ನು ಅಜ್ಜನಿಗೂ ಹೇಳಿದೆ. ಖುಷಿಪಟ್ಟು, ಕಂಬಳಿಯ ಗಂಟಿನಿಂದ ರೊಟ್ಟಿ ತೆಗೆದು ತಮ್ಮ ನಾಯಿಗೆ ಒಂದು ತುಂಡು, ನಮ್ಮ ಎರಡಕ್ಕೂ ಒಂದೊಂದು ತುಂಡು ಹಾಕಿದರು.

2025ರಲ್ಲಿ ಕೋಡಿ ಬಿದ್ದಾಗ ದಿಬ್ಬ ಮತ್ತೆ ನಡುಗಡ್ಡೆಯಾಯಿತು, ಒರಳು ನೀರಿನ ತಳ ಸೇರಿತು. ನೀರು ತುಂಬಿರುವಾಗ ಮೀನುಗಾರರ ತೆಪ್ಪ ಬಿಟ್ಟರೆ ಅಲ್ಲಿಗೆ ದಾರಿಯಿಲ್ಲ. ತೆಪ್ಪದಲ್ಲಿ ನಾಯಿ ಹತ್ತಿಸಿಕೊಂಡು ಹೋಗುವ ಸಾಹಸ ಯಾರೂ ಮಾಡಬಾರದು. ಹಿನ್ನೀರಿನ ತಳದಲ್ಲಿ ಹಳೆಯ ಬಾವಿಗಳಿವೆ, ಮುಳ್ಳಿನ ಮರಗಳಿವೆ, ಆಳ ತಿಳಿಯುವುದಿಲ್ಲ.

ಜಲಾಶಯದ ಬಗ್ಗೆ ಮಾತಾಡುವಾಗ ನಾವು ಟಿಎಂಸಿ ಲೆಕ್ಕ ಹೇಳುತ್ತೇವೆ, ಅಡಿ ಲೆಕ್ಕ ಹೇಳುತ್ತೇವೆ. ನೀರು ನಿಲ್ಲಲು ಜಾಗ ಬಿಟ್ಟುಕೊಟ್ಟ ಹಳ್ಳಿಗಳ ಹೆಸರು ಹೇಳುವುದಿಲ್ಲ. ಮುಳುಗಡೆಯಾದ ಊರುಗಳ ಹೆಸರು ಸಂಸ್ಥಾನದ ಕಾಲದ ಕಂದಾಯ ಕಡತಗಳಲ್ಲಿ ಸಿಗಬೇಕು. ಯಾವ ಊರಿನವರು ಎದ್ದು ಎಲ್ಲಿಗೆ ಹೋದರು, ಯಾವ ದೇವರನ್ನು ಹೊತ್ತುಕೊಂಡು ಹೋದರು ಎಂಬುದು ಹಟ್ಟಿಗಳ ಹಿರಿಯರ ನೆನಪಿನಲ್ಲಿ ಅಷ್ಟಿಷ್ಟು ಉಳಿದಿದೆ. ಕಡತ ಮತ್ತು ನೆನಪು ಎರಡನ್ನೂ ಕೂಡಿಸಿ, ಆ ಹೆಸರುಗಳನ್ನು ಒಂದು ಕಲ್ಲಿನ ಮೇಲೆ ಕೆತ್ತಿಸಿ ಹಾಲುರಾಮೇಶ್ವರದಲ್ಲಿ ನಿಲ್ಲಿಸಬೇಕು. ಹೊಸದುರ್ಗದ ಕಾಲೇಜುಗಳ ಇತಿಹಾಸ ವಿದ್ಯಾರ್ಥಿಗಳು ಒಂದು ಬೇಸಿಗೆ ರಜೆ ಕೊಟ್ಟರೆ ಹೆಸರು ಸೇರಿಸುವ ಕೆಲಸ ಶುರುವಾಗುತ್ತದೆ. ಬಾಯಿಗೆ ಬಾರದ ಆ ಊರಿನ ಹೆಸರು ಪಟ್ಟಿಯಲ್ಲಿ ಸಿಕ್ಕಿದರೆ ಮೊದಲು ಅಜ್ಜನಿಗೆ ಓದಿ ಹೇಳಬೇಕು.