ಕಾಯುವ ನೀರಿನ ಕೂಗು

ಅನ್ನಕ್ಕೆ ಎಸರಿಟ್ಟ ಗೃಹಿಣಿ ಮುಚ್ಚಳ ತೆಗೆದು ನೋಡಬೇಕಾಗಿಲ್ಲ, ಕಿವಿಗೊಟ್ಟರೆ ಸಾಕು. ನೀರು ಕಾಯುತ್ತ ಬಂದಂತೆ ಮೊದಲು ಸಣ್ಣಗೆ ಸುಯ್ಗುಡುತ್ತದೆ. ಆಮೇಲೆ ಸದ್ದು ಏರುತ್ತದೆ. ಎಸರು ಮರಳಿತೆಂದರೆ ಆ ಗದ್ದಲ ಅಡಗಿ ಬರಿಯ ತಳಮಳ ಉಳಿಯುತ್ತದೆ. ಕುದಿಯುವ ಮುನ್ನ ಅಷ್ಟು ಕೂಗುವ ನೀರು ಕುದಿಯತೊಡಗಿದ ಮೇಲೆ ಮೆತ್ತಗಾಗುವುದೇಕೆ? ಅಡುಗೆಮನೆಯ ಈ ಪ್ರಶ್ನೆ ದೊಡ್ಡ ದೊಡ್ಡ ವಿಜ್ಞಾನಿಗಳ ಮನಸ್ಸನ್ನೂ ಸೆಳೆದಿತ್ತು. ಬಚ್ಚಲುಮನೆಯ ಬಾಯ್ಲರು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಗುಡುಗತೊಡಗಿದರೆ ಹೆದರಬೇಕೆ ಬೇಡವೆ ಎಂಬುದಕ್ಕೂ ಅವರು ಕಂಡುಕೊಂಡ ಉತ್ತರದಲ್ಲೇ ಸಮಾಧಾನವಿದೆ.

ನಮ್ಮ ಹಿರಿಯರ ಹಂಡೆಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಅದರ ಬಾಯಿ ತೆರೆದಿತ್ತು, ಆವಿಗೆ ದಾರಿಯಿತ್ತು, ತಳದಲ್ಲಿ ಏನು ಕೂತಿದೆಯೆಂದು ಕೈಹಾಕಿ ನೋಡಬಹುದಿತ್ತು. ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾಘನ್ ಎಂಬಾತ 1868ರಲ್ಲಿ ಅನಿಲದ ಉರಿಯಿಂದ ನೀರು ಕಾಯಿಸುವ ಸಾಧನವೊಂದನ್ನು ಮಾಡಿ, ಅದಕ್ಕೆ ಐಸ್‌ಲೆಂಡಿನ ಬಿಸಿನೀರ ಚಿಲುಮೆಯ ಹೆಸರನ್ನಿಟ್ಟ. ಆ ಹೆಸರೇ ನಮ್ಮ ಮನೆಗಳಲ್ಲಿ ‘ಗೀಸರ್’ ಆಗಿ ಉಳಿದಿದೆ. ಮುಂದೆ ನೀರನ್ನು ತೊಟ್ಟಿಯಲ್ಲಿ ಕೂಡಿಟ್ಟು ಕಾಯಿಸುವ ಪದ್ಧತಿ ಬಂದಮೇಲೆ ನೀರು ಕಣ್ಣಿಗೆ ಮರೆಯಾಯಿತು. ಒಳಗಿನ ಸುದ್ದಿ ತಿಳಿಯಲು ಉಳಿದದ್ದು ಕಿವಿಯೊಂದೇ.

ಮೊದಲು ತೊಟ್ಟಿಯ ತಳದಲ್ಲಿ ಕೂರುವ ಬಿಳಿಯ ಗಟ್ಟಿಯ ವಿಚಾರ. ಲಂಡನ್ನಿನ ರಾತ್‌ಬೋನ್ ಪ್ಲೇಸ್ ಎಂಬಲ್ಲಿ ಒಂದು ಪಂಪಿನ ನೀರು ನೋಡಲು ತಿಳಿಯಾಗಿದ್ದರೂ ಕಾಯಿಸಿದರೆ ಮಣ್ಣಿನಂಥ ಗಷ್ಟನ್ನು ಬಿಡುತ್ತಿತ್ತು. ಹೆನ್ರಿ ಕ್ಯಾವೆಂಡಿಷ್ ಅದನ್ನು ಪರೀಕ್ಷಿಸಿ 1767ರಲ್ಲಿ ಲೇಖನ ಬರೆದ. ಜೋಸೆಫ್ ಬ್ಲ್ಯಾಕ್ ಅದಕ್ಕೆ ಹತ್ತು ವರ್ಷ ಮೊದಲೇ ಪರಿಚಯಿಸಿದ್ದ ವಾಯು, ಇಂದು ನಾವು ಇಂಗಾಲದ ಡೈಆಕ್ಸೈಡ್ ಎನ್ನುವುದು, ನೀರಿನಲ್ಲಿ ಹೆಚ್ಚಾಗಿ ಸೇರಿರುವ ತನಕ ಸುಣ್ಣದ ಅಂಶ ಕರಗಿಯೇ ಇರುತ್ತದೆ. ಕಾಯಿಸಿದಾಗ ವಾಯು ಹಾರಿಹೋಗಿ ಸುಣ್ಣ ಗಟ್ಟಿಯಾಗಿ ಇಳಿಯುತ್ತದೆ ಎಂದು ಅವನು ತೋರಿಸಿದ. ಕೊಳವೆಬಾವಿಯ ಗಡಸು ನೀರನ್ನೇ ನೆಚ್ಚಿಕೊಂಡ ನಮ್ಮ ನಗರದ ಬಡಾವಣೆಗಳಲ್ಲಿ ಗೀಸರಿನೊಳಗೆ ದಿನವೂ ನಡೆಯುತ್ತಿರುವುದು ಈ ಕ್ರಿಯೆಯೇ.

ಆದರೆ ಸುಣ್ಣ ತಾನಾಗಿ ಕೂಗುವುದಿಲ್ಲ. ಕೂಗು ಗುಳ್ಳೆಯದು. ಇದನ್ನು ವಿಶದಪಡಿಸಿದವನು ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್. 1894ರಲ್ಲಿ ಅವನು ನಡುವೆ ಸಪೂರವಾದ ಗಾಜಿನ ನಳಿಗೆಯಲ್ಲಿ ತಣ್ಣೀರು ಹರಿಸಿ ತೋರಿಸಿದ. ಸಪೂರವಾದೆಡೆಯಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿದು, ಬಿಸಿಯಿಲ್ಲದೆಯೇ ನೀರು ಕುದಿಯುತ್ತಿತ್ತು. ಅಗಲವಾದೆಡೆಗೆ ಬಂದ ಗುಳ್ಳೆಗಳು ಕುಸಿದು ಬುಸುಗುಡುತ್ತಿದ್ದವು. ಕೆಟಲಿನ ಹಾಡೂ ಇದೇ. ತಳದ ಬಿಸಿಗೆ ಹುಟ್ಟಿದ ಆವಿಯ ಗುಳ್ಳೆ ಮೇಲೇರುವಾಗ ತಣ್ಣಗಿನ ನೀರನ್ನು ಸಂಧಿಸಿ ಪಟ್ಟನೆ ಕುಸಿಯುತ್ತದೆ. ಸುತ್ತಲಿನ ನೀರು ಒಳನುಗ್ಗಿ ಬಡಿಯುತ್ತದೆ. ನೀರೆಲ್ಲ ಒಂದೇ ಸಮ ಕಾದಮೇಲೆ ಗುಳ್ಳೆ ಕುಸಿಯದೆ ಮೇಲಕ್ಕೆ ಬರುತ್ತದೆ, ಸದ್ದು ಅಡಗುತ್ತದೆ.

ಇದೇ 1894ರಲ್ಲಿ ಚಾರ್ಲ್ಸ್ ಪಾರ್ಸನ್ಸ್ ತನ್ನ ‘ಟರ್ಬೈನಿಯಾ’ ಹಡಗನ್ನು ನೀರಿಗಿಳಿಸಿ ನಿರಾಶನಾಗಿದ್ದ. ಎಂಜಿನ್ನಿನ ಬಲಕ್ಕೆ ತಕ್ಕ ವೇಗ ಬರಲಿಲ್ಲ. ತಿರುಗುವ ರೆಕ್ಕೆಗಳ ಹಿಂದೆ ನೀರು ಹರಿದು ಟೊಳ್ಳಾಗುತ್ತಿತ್ತು. ರೆಕ್ಕೆಗಳನ್ನು ಬದಲಿಸಿದ ಮೇಲೆ, 1897ರ ನೌಕಾ ಪ್ರದರ್ಶನದಲ್ಲಿ ಅದು ಬ್ರಿಟಿಷ್ ಹಡಗುಗಳ ಸಾಲಿನ ನಡುವೆ ಓಡಿ ಎಲ್ಲರನ್ನೂ ಬೆರಗುಗೊಳಿಸಿತು. ಆದರೂ ಹಡಗುಗಳ ರೆಕ್ಕೆಗಳಲ್ಲಿ ಕುಳಿ ಬೀಳುವ ಕಾಟ ತಪ್ಪಲಿಲ್ಲ. 1917ರಲ್ಲಿ ಲಾರ್ಡ್ ರ್‍ಯಾಲೆ, ಕೆಟಲಿನ ಸದ್ದನ್ನು ಕುರಿತು ರೆನಾಲ್ಡ್ಸ್ ಬರೆದುದನ್ನು ಓದಿ, ಕುಸಿಯುವ ಗುಳ್ಳೆಯ ಗಣಿತವನ್ನು ಕೈಗೆತ್ತಿಕೊಂಡ. ಗುಳ್ಳೆ ಮೂಲ ಗಾತ್ರದ ಅಡ್ಡಳತೆಯಲ್ಲಿ ಇಪ್ಪತ್ತನೆಯ ಒಂದು ಪಾಲಿಗೆ ಕುಗ್ಗುವ ವೇಳೆಗೆ, ಅದರ ಬಳಿಯ ಒತ್ತಡ ಸುತ್ತಲಿನ ಒತ್ತಡದ 1260 ಪಟ್ಟಿನಷ್ಟಾಗಬಲ್ಲುದೆಂದು ಲೆಕ್ಕ ಬಂತು. ಪಾರ್ಸನ್ಸನೂ ಇದೇ ಪ್ರಶ್ನೆಯ ಬೆನ್ನು ಹತ್ತಿದ್ದಾನೆಂದು ಅವನಿಗೆ ತಿಳಿಯಿತು. ಒಲೆಯ ಮೇಲಿನ ಹಾಡೂ ಕಂಚನ್ನು ಕೊರೆಯುವ ಕಡಲಿನ ಬಡಿತವೂ ಒಂದೇ ವಂಶದವು!

ಈಗ ನಮ್ಮ ಬಚ್ಚಲುಮನೆಗೆ ಮರಳೋಣ. ಕಾಯುವಾಗಷ್ಟೇ ಗೀಸರು ಕೆಟಲಿನಂತೆ ಸುಯ್ಗುಟ್ಟಿ, ಗುಡುಗುಡು ಎಂದರೆ, ಕಾಯಿಸುವ ಸುರುಳಿಗೆ ಸುಣ್ಣ ಮೆತ್ತಿದೆಯೆಂದೇ ಬಹುಮಟ್ಟಿಗೆ ಅರ್ಥ. ಪದರದ ಸಂದಿನಲ್ಲಿ ಸಿಕ್ಕಿದ ನೀರು ಕುದಿದು ಗುಳ್ಳೆಯಾಗಿ, ಹೊರಗಿನ ತಣ್ಣೀರಿಗೆ ಬಿದ್ದು ಕುಸಿಯುತ್ತದೆ. ಅಪಾಯ ಕೂಡಲೇ ಇಲ್ಲ; ಆದರೆ ಸುರುಳಿ ಬೇಗ ಸುಟ್ಟುಹೋದೀತು. ವಿದ್ಯುತ್ತನ್ನು ಕಡಿದು, ತೊಟ್ಟಿ ತಣಿದ ಮೇಲೆ ಬಸಿದು, ಬಲ್ಲವರಿಂದ ಸುರುಳಿಯನ್ನು ಬಿಚ್ಚಿಸಿ ಹಗುರ ಹುಳಿಯಲ್ಲಿ ತೊಳೆಸಬೇಕು. ಬಿಸಿಯ ಮಟ್ಟವನ್ನು ತುಸು ಇಳಿಸಿಟ್ಟರೆ ಸುಣ್ಣ ಕೂರುವುದೂ ನಿಧಾನವಾಗುತ್ತದೆ. ನಲ್ಲಿ ತಟ್ಟನೆ ನಿಲ್ಲಿಸಿದಾಗ ಮಾತ್ರ ‘ಧಡ್’ ಎಂದರೆ ತಪ್ಪು ಗೀಸರಿನದಲ್ಲ, ಓಡುತ್ತಿದ್ದ ನೀರು ತಡೆಗೆ ಬಡಿದದ್ದು. ನಲ್ಲಿಯನ್ನು ಮೆಲ್ಲಗೆ ತಿರುಗಿಸಿ, ಕೊಳವೆಯನ್ನು ಗೋಡೆಗೆ ಬಿಗಿಸಿದರೆ ಬಹುಪಾಲು ಶಮನವಾದೀತು.

ನಿಜವಾಗಿ ಅಂಜಬೇಕಾದದ್ದು ಬೇರೊಂದಿದೆ. ಹೊತ್ತು ಮೀರಿದರೂ ಗೀಸರು ತಾನಾಗಿ ಆರದೆ ಗುಡುಗುತ್ತಿದ್ದು, ಬಿಸಿನೀರ ನಲ್ಲಿಯಲ್ಲಿ ಆವಿ ಬುಸುಗುಟ್ಟಿದರೆ, ಶಾಖವನ್ನು ನಿಲ್ಲಿಸಬೇಕಾದ ಸಾಧನ ಕೆಟ್ಟಿದೆಯೆಂದು ತಿಳಿಯಬೇಕು. ಮುಚ್ಚಿದ ತೊಟ್ಟಿಯಲ್ಲಿ ನೀರು 100 ಡಿಗ್ರಿ ಮೀರಿಯೂ ನೀರಾಗಿಯೇ ಇರಬಲ್ಲುದು. ತೊಟ್ಟಿ ಬಿರಿದರೆ ಅದರಲ್ಲೊಂದು ಪಾಲು ಆ ಕ್ಷಣವೇ ಆವಿಯಾಗಿ, ಸಾವಿರದ ಆರುನೂರು ಪಟ್ಟಿನಷ್ಟು ಹಿಗ್ಗುತ್ತದೆ. ಆಗ ಮುಖ್ಯ ಸ್ವಿಚ್ಚನ್ನು ಆರಿಸಿ, ದೂರ ಸರಿದು, ಕೆಲಸಗಾರನನ್ನು ಕರೆಸುವುದೊಂದೇ ದಾರಿ.

ಈ ಭಯಕ್ಕೆ ಮದ್ದು ಹುಡುಕಿದವನು ಡೆನಿ ಪಾಪ್ಯಾಂ. 1679ರಲ್ಲಿ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ ಆವಿ ಪಾತ್ರೆ ನಮ್ಮ ಪ್ರೆಷರ್ ಕುಕ್ಕರಿನ ಮೂಲಪುರುಷ. ಒತ್ತಡ ಮಿತಿಮೀರದಂತೆ ಭಾರದ ಕವಾಟವೊಂದನ್ನು ಅವನು ಜೋಡಿಸಿದ. ಗೀಸರಿನ ಬಳಿಯ ಪುಟ್ಟ ಸುರಕ್ಷಾ ಕವಾಟ ಅದರದೇ ಸಂತತಿ. ಅದು ಕಾಯುವಾಗ ನಾಲ್ಕು ಹನಿ ಸುರಿಸಿತೆಂದು ಬಿರಡೆ ಜಡಿಯುವವರಿದ್ದಾರೆ. ಅವರು ಮುಚ್ಚುವುದು ಮನೆಯವರ ಪ್ರಾಣಕ್ಕಿರುವ ಬಾಗಿಲನ್ನು. ಕುಕ್ಕರನ್ನು ನಾವು ಮೂರು ಸಲ ಕೂಗಿಸಿ ಇಳಿಸುತ್ತೇವೆ, ಅದರ ಬಾಯನ್ನು ಕಟ್ಟುವುದಿಲ್ಲ. ಬಚ್ಚಲುಮನೆಯ ಕೂಗಿಗೂ ಅಷ್ಟು ಗೌರವ ಸಲ್ಲಬೇಕು.