ಕನಕಪುರದ ವೋಟು

1983ರಲ್ಲಿ ಮದುವೆಯಾಗಿ ಉತ್ತರಹಳ್ಳಿಗೆ ಬಂದಾಗ ನನ್ನನ್ನು ತಬ್ಬಿಬ್ಬು ಮಾಡಿದ್ದು ವೋಟಿನ ಚೀಟಿ. ಸೀರೆ, ಸಿನಿಮಾ, ಆಸ್ಪತ್ರೆ ಎಲ್ಲದಕ್ಕೂ ಬೆಂಗಳೂರಿಗೆ ಓಡುವ ನಾವು ಪಾರ್ಲಿಮೆಂಟಿಗೆ ಮಾತ್ರ ಕನಕಪುರದವರು! ಆ ಊರೋ, ಸುಮಾರು 50 ಕಿಲೋಮೀಟರ್ ಆಚೆ.

1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಜಾಫರ್ ಷರೀಫ್ ಗೆದ್ದ ಕ್ಷೇತ್ರವಂತೆ. 1977ರಿಂದ 1991ರವರೆಗೆ ಐದು ಸಲವೂ ಎಂ.ವಿ. ಚಂದ್ರಶೇಖರಮೂರ್ತಿ. "ಮೂರ್ತಿಗಳಿಗೆ ಹಾಕಿದರಾಯಿತು" ಎನ್ನುತ್ತಿದ್ದರು ಮಾವ. ಅತ್ತೆ, ನಾನು ಹಾಕಿ ಬಂದು ಒಲೆ ಹಚ್ಚುತ್ತಿದ್ದೆವು. ಆಮೇಲೆ ಬಡಾವಣೆಗಳೆದ್ದು ಎಲ್ಲೆಲ್ಲಿಯವರೋ ಬಂದು ನೆಲೆಸಿದರು. ಕ್ಷೇತ್ರದ ಬುದ್ಧಿಯೂ ಚಂಚಲವಾಯಿತು. 1996ರಲ್ಲಿ ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್, 1999ರಲ್ಲಿ ಮತ್ತೆ ಮೂರ್ತಿ. ಅವರು ತೀರಿಕೊಂಡ ಮೇಲೆ 2002ರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರರನ್ನು ಸೋಲಿಸಿ ದೇವೇಗೌಡರು ಗೆದ್ದರು.

2004ರಲ್ಲಿ ಆ ಮಾಜಿ ಪ್ರಧಾನಿಯ ಎದುರು ಕಾಂಗ್ರೆಸ್ಸಿನಿಂದ ನಿಂತವರು ಪತ್ರಕರ್ತೆ ತೇಜಸ್ವಿನಿ. ಯಾರಿಗೆ ಹಾಕಬೇಕೆಂದು ನಮ್ಮವರು ಹಿಂದಿನ ರಾತ್ರಿಯೇ ಅಪ್ಪಣೆ ಕೊಟ್ಟಾಗಿತ್ತು. ಮರೆಯಲ್ಲಿ ಯಂತ್ರದ ಮುಂದೆ ನಿಂತಾಗ, ನೋಡಿ, ಬೆರಳು ನಡುಗಿತು. ಮದುವೆಯಾದ ಮೇಲೆ ಯಾರನ್ನೂ ಕೇಳದೆ ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು. ತೇಜಸ್ವಿನಿ ಗೆದ್ದರು. ಹಾಸನದಲ್ಲೂ ನಿಂತಿದ್ದರಿಂದ ಗೌಡರಿಗೆ ಲೋಕಸಭೆ ತಪ್ಪಲಿಲ್ಲ ಅನ್ನಿ. ಟೀವಿ ಮುಂದೆ ಕೂತ ನಮ್ಮವರು, "ಹೆಂಗಸರೆಲ್ಲ ಸೇರಿ ಕೈ ಕೊಟ್ಟರು" ಅಂದರು. ಅತ್ತೆ ನನ್ನ ಮುಖ ನೋಡಿದರು, ನಾನು ಅವರ ಮುಖ.

2008ರ ಪುನರ್ವಿಂಗಡಣೆಯಲ್ಲಿ ಕನಕಪುರ ಲೋಕಸಭಾ ಕ್ಷೇತ್ರವೇ ಇಲ್ಲವಾಯಿತು. ಸುತ್ತ ಅಪಾರ್ಟ್‌ಮೆಂಟುಗಳು ಏಳುತ್ತಿರುವಾಗ ನಾವು 'ಬೆಂಗಳೂರು ಗ್ರಾಮಾಂತರ'ದವರಾದೆವು. ಅತ್ತೆ ಮಾತ್ರ ಕೊನೆಯವರೆಗೂ ಬಾಯಿ ಬಿಡಲಿಲ್ಲ.