ಕಲ್ಯಾಣದ ಪಂಡಿತನೂ ಪಾಲು ವ್ಯಾಪಾರವೂ

ಅಂಗಡಿ ಚೆನ್ನಾಗಿ ನಡೆಯುತ್ತಿದೆ, ಬಂಡವಾಳ ಮಾತ್ರ ಸಾಲದು. ಹಣ ಹಾಕಲು ಒಬ್ಬರು ಮುಂದೆ ಬಂದಿದ್ದಾರೆ. ಸೇರಿಸಿಕೊಳ್ಳುವುದೋ, ಬೇಡವೋ? ವ್ಯಾಪಾರಿಯ ನಿದ್ದೆ ಕೆಡಿಸುವ ಈ ಪ್ರಶ್ನೆ ಇಂದು ನಿನ್ನೆಯದಲ್ಲ. ನಮ್ಮ ಸ್ಮೃತಿಕಾರರು ಇದಕ್ಕೆಂದೇ ಒಂದು ಪ್ರಕರಣ ಮೀಸಲಿಟ್ಟಿದ್ದರು. ಅದರ ಹೆಸರು 'ಸಂಭೂಯ ಸಮುತ್ಥಾನ', ಅಂದರೆ ಹಲವರು ಕೂಡಿ ಕೈಗೊಳ್ಳುವ ಉದ್ಯಮ.

ಈ ಪ್ರಕರಣಕ್ಕೆ ಕನ್ನಡ ನಾಡಿನ ನಂಟೂ ಇದೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಿತಾಕ್ಷರ ಎಂದೊಡನೆ ನೆನಪಾಗುವುದು ಆಸ್ತಿ ಹಂಚಿಕೆ. 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದದ್ದು ದಾಯಭಾಗದ ಪ್ರಕರಣವನ್ನು. ನ್ಯಾಯಾಲಯಗಳಲ್ಲಿ ಓಡಾಡಿದ್ದೂ ಮುಖ್ಯವಾಗಿ ಅದೇ. ಪಾಲು ವ್ಯಾಪಾರದ ಭಾಗ ಪಂಡಿತರ ಕಪಾಟಿನಲ್ಲೇ ಉಳಿಯಿತು.

ಯಾರನ್ನು ಸೇರಿಸಿಕೊಳ್ಳಬೇಕು ಎಂಬುದಕ್ಕೆ ನೇರ ಉತ್ತರ ಕೊಟ್ಟವನು ಬೃಹಸ್ಪತಿ. ಅವನ ಸ್ಮೃತಿ ಇಡಿಯಾಗಿ ಸಿಕ್ಕಿಲ್ಲ, ನಂತರದ ಗ್ರಂಥಗಳು ಉದ್ಧರಿಸಿದ ಶ್ಲೋಕಗಳಿಂದ ಅದನ್ನು ಕೂಡಿಸಲಾಗಿದೆ. ಕೆಲಸ ಬಲ್ಲವನು, ಚುರುಕಾದವನು, ನಾಣ್ಯದ ಪರೀಕ್ಷೆ ತಿಳಿದವನು, ಆಯ-ವ್ಯಯ ಅರಿತವನು, ಪ್ರಾಮಾಣಿಕ, ಧೈರ್ಯವಂತ - ಇಂಥವನು ಆಗಬಹುದು. ಸೋಮಾರಿ, ರೋಗಿ, ನಿರ್ಗತಿಕ, ಅದೃಷ್ಟಹೀನ ಬೇಡ. ಅದೃಷ್ಟಹೀನನನ್ನೂ ಈ ಸಾಲಿಗೆ ಸೇರಿಸಿದ್ದು ಅನ್ಯಾಯವೇ ಸರಿ. ಆದರೆ ಲೆಕ್ಕ ಬಲ್ಲವನಾಗಿರಬೇಕೆಂಬ ಮಾತನ್ನು ಯಾವ ವ್ಯಾಪಾರಿ ತಳ್ಳಿಹಾಕಿಯಾನು?

ಸೇರಿಸಿಕೊಂಡ ಮೇಲಿನ ಕತೆಯನ್ನು ಯಾಜ್ಞವಲ್ಕ್ಯ ಹೇಳುತ್ತಾನೆ. ಲಾಭ-ನಷ್ಟ ಹೂಡಿದ ಬಂಡವಾಳಕ್ಕೆ ತಕ್ಕಂತೆ, ಇಲ್ಲವೇ ಮೊದಲೇ ಆದ ಒಪ್ಪಂದದಂತೆ. ಉಳಿದವರು ಬೇಡವೆಂದದ್ದನ್ನು ಮಾಡಿ ಅಥವಾ ಅಜಾಗರೂಕತೆಯಿಂದ ಸರಕು ಹಾಳುಮಾಡಿದವನು ಅದನ್ನು ತುಂಬಿಕೊಡಬೇಕು. ಆಪತ್ತಿನಲ್ಲಿ ಸರಕು ಕಾಪಾಡಿದವನಿಗೆ ಹತ್ತನೆಯ ಒಂದು ಭಾಗ. ವಂಚಕನನ್ನು ಲಾಭ ಕೊಡದೆ ಹೊರಹಾಕಬೇಕು. ಸ್ವತಃ ದುಡಿಯಲಾರದವನು ತನ್ನ ಪರವಾಗಿ ಇನ್ನೊಬ್ಬನಿಂದ ಮಾಡಿಸಬೇಕು.

ಪರದೇಶಕ್ಕೆ ಹೋದ ಪಾಲುಗಾರ ಅಲ್ಲಿಯೇ ಸತ್ತರೆ? ಅಂದು ಇದು ಬರಿಯ ಊಹೆಯ ಪ್ರಶ್ನೆಯಾಗಿರಲಿಲ್ಲ. ಐಹೊಳೆಯ ಹೆಸರು ಹೊತ್ತ 'ಅಯ್ಯಾವೊಳೆ ಐನೂರ್ವರು' ವರ್ತಕ ಸಂಘದ 1088ರ ತಮಿಳು ಶಾಸನ ಸುಮಾತ್ರಾ ದ್ವೀಪದಲ್ಲೇ ದೊರೆತಿದೆ. ಸತ್ತವನ ಪಾಲು ಅವನ ವಾರಸುದಾರರಿಗೆ, ಬಂಧುಗಳಿಗೆ, ಅವರಿಲ್ಲದಿದ್ದರೆ ಜೊತೆಯ ಪಾಲುಗಾರರಿಗೆ, ಯಾರೂ ಇಲ್ಲದಿದ್ದರೆ ರಾಜನಿಗೆ. ವಾರಸುದಾರ ಬರಬಹುದೆಂದು ರಾಜನು ಹತ್ತು ವರ್ಷ ಕಾದಿಡಬೇಕೆನ್ನುತ್ತಾನೆ ನಾರದ. ಇದೇ ಕಟ್ಟಳೆ ಯಜ್ಞ ಮಾಡಿಸುವ ಋತ್ವಿಜರಿಗೂ ರೈತರಿಗೂ ಕುಶಲಕರ್ಮಿಗಳಿಗೂ ಅನ್ವಯ!

ಇಂದಿನ ಪಾಲುದಾರರನ್ನು ಆಳುವುದು ಸ್ಮೃತಿಯಲ್ಲ, 1932ರ ಭಾರತೀಯ ಪಾಲುದಾರಿಕೆ ಕಾಯಿದೆ. ಹೊಸಬರು ಬರಲು ಇದ್ದವರೆಲ್ಲರ ಒಪ್ಪಿಗೆ ಬೇಕು, ಬೇರೆ ಕರಾರು ಇದ್ದ ಹೊರತು. ಅಲ್ಲಿಯವರೆಗೆ ಹಳೆಯ ದಾರಿಯೇ. ಆದರೆ ಕರಾರಿನಲ್ಲಿ ಏನೂ ಹೇಳದಿದ್ದರೆ ಲಾಭ-ನಷ್ಟ ಸಮಪಾಲು. ಒಬ್ಬ ಲಕ್ಷ ಹಾಕಿ ಇನ್ನೊಬ್ಬ ಹತ್ತು ಸಾವಿರ ಹಾಕಿದ್ದರೂ ಅಷ್ಟೆ. ಇದು ಗೊತ್ತಿಲ್ಲದೆ ಬಾಯಿಮಾತಿನಲ್ಲೇ ಕೈಜೋಡಿಸುವವರು ಬಹಳ.

ಅದಕ್ಕಿಂತ ಭಾರವಾದದ್ದು ಸಾಲದ ಹೊಣೆ. ಸಂಸ್ಥೆಯ ವ್ಯವಹಾರಕ್ಕೆಂದು ಒಬ್ಬ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ, ಒಬ್ಬೊಬ್ಬರೂ ಪೂರ್ತಿ ಹೊಣೆ. ಸಾಲಗಾರ ಪಾಲುದಾರ ಕೈಯೆತ್ತಿದರೆ ಇನ್ನೊಬ್ಬನ ಸ್ವಂತ ಮನೆಯೇ ಹರಾಜಿಗೆ ಬರಬಹುದು. ಹೊಣೆಗೆ ಮಿತಿ ಹಾಕಿದ ಪಾಲುದಾರಿಕೆಗೆ ಕಾಯಿದೆ ಬಂದದ್ದು 2008ರಲ್ಲಿ. ಹಳೆಯ ಬಗೆಯ ಸಂಸ್ಥೆಗಳಿಗೆ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿಯಾಗದ ಸಂಸ್ಥೆ ವ್ಯಾಪಾರದ ಕರಾರಿನಂತೆ ತನಗೆ ಬರಬೇಕಾದ ಬಾಕಿಗೆ ಸಾಮಾನ್ಯವಾಗಿ ದಾವೆ ಹೂಡುವಂತಿಲ್ಲ. ಅದರ ಮೇಲೆ ಬೇರೆಯವರು ಹೂಡಲು ಮಾತ್ರ ಯಾವ ಅಡ್ಡಿಯೂ ಇಲ್ಲ.